ಒಂದೇ ಬಣ್ಣದ ಮುಖ

ಜೀವನಭೀಮಾನಗರ, ಬೆಂಗಳೂರು
14 ಜೂನ್ 1998

ವಿದ್ಯಾ,

ನೀನು ಫೋನ್ ಮಾಡಿದ ದಿನ ನಾನು ಸರಿಯಾಗಿ ಮಾತಾಡಲಿಲ್ಲ ಅಂತ ನಿನಗೆ ಬೇಸರವಾಗಿರಬೇಕು. ಫೋನು ಇರುವುದು ನಡುಮನೆಯಲ್ಲಿ, ನಿಮ್ಮಪ್ಪ ಕೂತಿರುವುದೂ ನಡುಮನೆಯಲ್ಲಿ. ಆ ಕಡೆ ನಿನ್ನ ಹಾಸ್ಟೆಲಿನಲ್ಲಿ ಫೋನಿಗಾಗಿ ಹತ್ತು ಹುಡುಗಿಯರ ಸಾಲು. ಅದಕ್ಕೇ ಬರೆಯುತ್ತಿದ್ದೇನೆ. ಫಾರ್ಮಸಿ ಎರಡನೇ ವರ್ಷಕ್ಕೆ ಬಂದೆಯಲ್ಲ, ಗುಲ್ಬರ್ಗದ ಬಿಸಿಲು ಈಗಲಾದರೂ ಒಗ್ಗಿತೇ?

ಒಂದು ತಮಾಷೆ ಹೇಳುತ್ತೇನೆ. ಹೋದ ಶನಿವಾರ ನಾನೂ ನಿಮ್ಮಪ್ಪನೂ ಹಣ್ಣು ತರಲು ಶಿವಾಜಿನಗರಕ್ಕೆ ಹೋಗಿದ್ದೆವು. ವಾಪಸು ಬರುವಾಗ ಬಸ್ಸು ತುಂಬಿತ್ತು. ಕಂಡಕ್ಟರು ಮುಂದಿನ ಸೀಟಿನಲ್ಲಿದ್ದ ಕಾಲೇಜು ಹುಡುಗಿಯನ್ನು ಎಬ್ಬಿಸಿ ನಿಮ್ಮಪ್ಪನ ಕಡೆ ತಿರುಗಿದ. "ಸಾರ್, ನಿಮ್ ತಾಯೀನ ಇಲ್ಲಿ ಕೂರ್ಸಿ, ಪಾಪ, ವಯಸ್ಸಾಗಿದೆ" ಅಂದ. ಯಾರ ತಾಯಿ ಅಂತ ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಕೂತುಕೊಂಡೆ. ಸೀಟು ಸಿಕ್ಕಿತಲ್ಲ, ಬಿಡುವುದೇಕೆ? ನಗು ಬಂತೇ? ನನಗೂ ಬಂತು, ಹಲಸೂರು ಕೆರೆ ದಾಟುವ ತನಕ.

ನನಗೆ ನಲವತ್ತಮೂರು, ನಿಮ್ಮಪ್ಪನಿಗೆ ನಲವತ್ತೊಂಬತ್ತು. ಅವರ ಹಣೆಯಲ್ಲಿ ಗೆರೆಗಳಿವೆ, ಕಿವಿಯ ಪಕ್ಕ ನರೆತಿದೆ. ನನ್ನ ಮುಖದಲ್ಲಿ ಒಂದು ಸುಕ್ಕೂ ಇಲ್ಲ. ಮೂರು ದಿನ ಕನ್ನಡಿ ಮುಂದೆ ನಿಂತು ಹುಡುಕಿದ್ದೇನೆ.

ಉತ್ತರ ಸಿಕ್ಕಿದ್ದು ಹಲಸೂರಿನ ಚಾಂದ್ ಪಾಷಾ ಅವರ ಸ್ಟುಡಿಯೋದಲ್ಲಿ. ಬ್ಯಾಂಕಿಗೆ ಫೋಟೊ ಬೇಕಿತ್ತು. ನಿನ್ನ ನಾಮಕರಣದ ಫೋಟೊ ತೆಗೆದವರೂ ಅವರೇ, ನನ್ನ ಮುಖ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಫೋಟೊ ತಿದ್ದಲು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುತ್ತ ಹೇಳಿದರು. "ಮೂವತ್ತು ವರ್ಷದಿಂದ ಇದೇ ಕೆಲ್ಸ ಅಮ್ಮಾ. ನಾನು ಗೆರೆ ಮುಟ್ಟೋದೇ ಇಲ್ಲ. ಸುಕ್ಕಿದ್ರೂ ಬಣ್ಣ ಒಂದೇ ಸಮ ಇದ್ರೆ ಜನ ಚಿಕ್ಕೋರು ಅಂತಾರೆ. ಬಣ್ಣ ಅಲ್ಲೊಂದು ಥರ ಇಲ್ಲೊಂದು ಥರ ಇದ್ರೆ ಹತ್ತು ವರ್ಷ ಮೇಲಕ್ಕೆ ಹೋಯ್ತು. ನಿಮ್ದು ಬಂಗು ಅಷ್ಟೇ. ಅದನ್ನ ಮುಚ್ಚಿಬಿಟ್ರೆ ನೋಡಿ." ಮುಚ್ಚಿ ತೋರಿಸಿದರು. ಆ ಫೋಟೊದಲ್ಲಿದ್ದವಳಿಗೆ ಮೂವತ್ತೆರಡಿರಬಹುದು. ಒಂದು ಪ್ರತಿ ಹೆಚ್ಚಿಗೆ ಕೇಳಿ ತಂದಿದ್ದೇನೆ.

ನೀನು ಹೊಟ್ಟೆಯಲ್ಲಿದ್ದಾಗ ಎರಡು ಕೆನ್ನೆಗೂ ಕಪ್ಪಗೆ ಹರಡಿದ ಬಂಗು ಇದು. ಬಾಣಂತನವಾದ ಮೇಲೆ ತಾನೇ ಹೋಗುತ್ತದೆ ಅಂದಿದ್ದರು ನಿಮ್ಮಜ್ಜಿ. ಹೋಗಲಿಲ್ಲ. ಹಲಸೂರಿನಲ್ಲೇ ಪುಷ್ಪವಲ್ಲಿ ಅಂತ ಒಬ್ಬಳು ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಅವಳ ಹತ್ತಿರ ಏನೋ ಇದೆಯಂತೆ. ಕೇಳಿ ನೋಡುತ್ತೇನೆ.

ಊಟ ಬಿಡಬೇಡ.
ಅಮ್ಮ


ಮಹಿಳಾ ಹಾಸ್ಟೆಲ್, ಗುಲ್ಬರ್ಗಾ
5 ಜುಲೈ 1998

ಅಮ್ಮ,

ನಿನ್ನ ಪತ್ರವನ್ನು ಮೆಸ್ಸಿನಲ್ಲಿ ಕೂತು ಓದಿದೆ. ನಗು ಬರಲಿಲ್ಲ. ಬಂಗು ನನ್ನಿಂದ ಬಂದದ್ದು ಅಂತ ನೀನು ಇಷ್ಟು ವರ್ಷ ಹೇಳಿಯೇ ಇರಲಿಲ್ಲ. ನಿನ್ನ ಮುಖ ಇರುವುದೇ ಹಾಗೆ ಅಂದುಕೊಂಡಿದ್ದೆ. ಎಲ್ಲ ಅಮ್ಮಂದಿರ ಕೆನ್ನೆಯೂ ಹಾಗೇ ಇರುತ್ತದೆ ಅಂದುಕೊಂಡಿದ್ದ ಕಾಲವೂ ಇತ್ತು.

ನನ್ನ ಕಥೆಯೂ ಅಷ್ಟೇ. ಮೊಡವೆ ಹೋಯಿತು, ಕಲೆ ಉಳಿಯಿತು. ಹೋದ ವಾರ ಹೊಸದಾಗಿ ಸೇರಿದ ಹುಡುಗಿಯರು ನನ್ನನ್ನು ಲೆಕ್ಚರರ್ ಅಂದುಕೊಂಡು ಎದ್ದು ನಿಂತರು. "ಕೂತ್ಕೊಳ್ಳಿ, ನಾನೂ ಸ್ಟೂಡೆಂಟೇ" ಅಂದೆ. ರೂಮಿನವರೆಲ್ಲ ಇನ್ನೂ ನನ್ನನ್ನು ಮೇಡಂ ಅಂತಲೇ ಕರೆಯುತ್ತಿದ್ದಾರೆ.

ಒಂದು ಪ್ರಶ್ನೆ. ಕಂಡಕ್ಟರು ಹಾಗೆ ಅಂದಾಗ ಅಪ್ಪ ಏನಂದರು? ಅದನ್ನು ನೀನು ಬರೆದಿಲ್ಲ.

ವಿದ್ಯಾ


ಬೆಂಗಳೂರು
9 ಆಗಸ್ಟ್ 1998

ವಿದ್ಯಾ,

ಮೊನ್ನೆ ವರಮಹಾಲಕ್ಷ್ಮಿ ಹಬ್ಬಕ್ಕೆ ಕಾಲೊನಿಯ ಹದಿನಾರು ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಹದಿನಾರು ಮನೆಯಲ್ಲೂ ಒಂದೇ ಮಾತು. "ಶಾಂತಾ, ಏನ್ ಮಾಡ್ಕೊಂಡ್ರೀ ಮುಖಕ್ಕೆ?" ನಾನು ನಕ್ಕು ಸುಮ್ಮನಾದೆ. ಕೆಳಗಿನ ಮನೆಯಾಕೆ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು, ಬಟ್ಟೆ ಅಂಗಡಿಯಲ್ಲಿ ಸೀರೆ ನೋಡಿದ ಹಾಗೆ.

ಪುಷ್ಪವಲ್ಲಿ ಕೊಟ್ಟ ಕ್ರೀಮು ಇದು. ದೊಡ್ಡ ಡಬ್ಬದಿಂದ ತೆಗೆದು ಸಣ್ಣ ಬಿಳಿ ಡಬ್ಬಿಗೆ ತುಂಬಿ ಕೊಡುತ್ತಾಳೆ, ಮೇಲೆ ಹೆಸರಿಲ್ಲ. ಹೊರದೇಶದ್ದಂತೆ. ಮಲಗುವ ಮುಂಚೆ ಹಚ್ಚಬೇಕು, ಬಿಸಿಲಿಗೆ ಹೋಗಬಾರದು. ಮೊದಲ ವಾರ ಸ್ವಲ್ಪ ಉರಿಯಿತು. ಇಪ್ಪತ್ತೆರಡನೇ ದಿನ ಬೆಳಿಗ್ಗೆ ಮುಖ ತೊಳೆದು ತಲೆ ಎತ್ತಿದರೆ ಕನ್ನಡಿಯಲ್ಲಿ ಚಾಂದ್ ಪಾಷಾ ತಿದ್ದಿಕೊಟ್ಟ ಆ ಫೋಟೊ. ಬೆಳ್ಳಗಾಗಿಲ್ಲ, ನನ್ನ ಬಣ್ಣ ನನ್ನದೇ. ಹಣೆಯಿಂದ ಗಲ್ಲದ ತನಕ ಒಂದೇ ಬಣ್ಣ, ಅಷ್ಟೇ. ಇಪ್ಪತ್ತು ವರ್ಷದ ಮೇಲೆ ಯಾರೋ ಮನೆಗೆ ವಾಪಸು ಬಂದ ಹಾಗೆ ಅನ್ನಿಸಿತು. ಒಲೆಯ ಮೇಲೆ ಹಾಲು ಉಕ್ಕಿ ಹೋದದ್ದೂ ತಿಳಿಯಲಿಲ್ಲ.

ಒಂದೇ ಹೆದರಿಕೆ. ಒಂದು ದಿನ ಹಚ್ಚದಿದ್ದರೆ ಮತ್ತೆ ಬಂದುಬಿಡುತ್ತದೇನೋ ಅಂತ. ಹಾಗಾಗಿ ತಪ್ಪಿಸಿಲ್ಲ.

ನಿಮ್ಮಪ್ಪನಿಗೆ ಹೇಳಿಲ್ಲ. ನೀನೂ ಹೇಳಬೇಡ. ಕಡಲೆಹಿಟ್ಟು ಹಚ್ಚುತ್ತೇನೆ ಅಂದುಕೊಂಡಿದ್ದಾರೆ. ಇದರ ಜೊತೆ ನಿನಗೂ ಒಂದು ಡಬ್ಬಿ ಕಳಿಸಿದ್ದೇನೆ. ನನ್ನ ಮಗಳನ್ನು ಇಪ್ಪತ್ತಕ್ಕೇ ಯಾರೂ ಮೇಡಂ ಅನ್ನಬಾರದು.

ಅಮ್ಮ


ಗುಲ್ಬರ್ಗಾ
6 ಸೆಪ್ಟೆಂಬರ್ 1998

ಅಮ್ಮ,

ಡಬ್ಬಿ ಬಂತು. ಒಂದು ವಾರ ಪೆಟ್ಟಿಗೆಯಲ್ಲೇ ಇಟ್ಟಿದ್ದೆ. ಮೇಲೆ ಏನೂ ಬರೆದಿಲ್ಲದ ಔಷಧಿಯನ್ನು ಮುಟ್ಟಬಾರದು ಅಂತ ನಮಗೆ ಮೊದಲ ವರ್ಷದಲ್ಲೇ ಪಾಠವಾಗಿದೆ. ಆಮೇಲೆ ಒಂದು ಸಂಜೆ, ಸ್ವಲ್ಪ ನೋಡೋಣ ಅಂತ ಗಲ್ಲಕ್ಕೆ ಮಾತ್ರ ಹಚ್ಚಿದೆ. ಆಮೇಲೆ ಪೂರ್ತಿ ಮುಖಕ್ಕೆ.

ನಿಜ ಹೇಳುತ್ತೇನೆ, ನನಗೆ ತುಂಬ ಖುಷಿಯಾಗಿದೆ. ಕಲೆ ಮಾಸುತ್ತಿದೆ. ಕಾಲೇಜು ದಿನಾಚರಣೆಗೆ ನಿರೂಪಣೆ ಮಾಡಲು ನನ್ನನ್ನು ಆರಿಸಿದರು. ಹೋದ ವರ್ಷವೂ ಕೇಳಿದ್ದೆ. ಆಗ "ಈ ಸಲ ಬೇರೆಯವರು ಮಾಡಲಿ" ಅಂದಿದ್ದರು. ದನಿ ಅದೇ, ಕನ್ನಡ ಅದೇ.

ಭಾನುವಾರ ಫೋನಿನಲ್ಲಿ ನಿನ್ನ ದನಿ ಸೋತ ಹಾಗೆ ಇತ್ತು. ಸರಿಯಾಗಿ ಊಟ ಮಾಡುತ್ತಿದ್ದೀಯಾ?

ವಿದ್ಯಾ


ಬೆಂಗಳೂರು
4 ಅಕ್ಟೋಬರ್ 1998

ವಿದ್ಯಾ,

ದಸರಾ ಮುಗಿಯಿತು. ಗೊಂಬೆ ನೋಡಲು ಈ ಸಲ ಜನವೋ ಜನ. ನಿಮ್ಮಪ್ಪನ ಆಫೀಸಿಗೆ ವರ್ಗವಾಗಿ ಬಂದ ಜಯಂತ್ ಅನ್ನುವ ಹುಡುಗ ಹೆಂಡತಿಯ ಜೊತೆ ಬಂದಿದ್ದ. ಆ ಹುಡುಗಿ ಅಡುಗೆಮನೆಗೆ ಬಂದು ಮೆಲ್ಲಗೆ, "ವಿದ್ಯಾ ನಿಮ್ಮ ಸ್ವಂತ ಮಗಳಾ ಆಂಟಿ, ಇಲ್ಲ ಸಾರ್‌ಗೆ ಮೊದಲನೇ..." ಅಂತ ನಿಲ್ಲಿಸಿದಳು. ನಾನು ಎರಡನೇ ಹೆಂಡತಿ ಅಂದುಕೊಂಡಿದ್ದಾಳೆ. ನಿಮ್ಮಪ್ಪನಿಗೆ ಹೇಳಿದೆ. ಅವರು ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು. "ಹೌದು ಶಾಂತಾ, ಮುಖ ತುಂಬ್ಕೊಂಡಿದೆ, ಕಳೆ ಬಂದಿದೆ" ಅಂದರು. ಆ ಮಾತು ಕೇಳಲು ನಾನು ಎಷ್ಟು ದಿನ ಕಾದಿದ್ದೆ ಅಂತ ನನಗೇ ಗೊತ್ತಿರಲಿಲ್ಲ.

ಈಗ ಒಂದು ವಿಷಯ. ನೀನು ಔಷಧಿ ಓದುವವಳು ಅಂತ ಕೇಳುತ್ತೇನೆ. ಬೆಳಿಗ್ಗೆ ಎದ್ದಾಗ ಕಣ್ಣಿನ ರೆಪ್ಪೆ ಊದಿರುತ್ತದೆ. ಸಂಜೆ ಹೊತ್ತಿಗೆ ಕಾಲು. ಚಪ್ಪಲಿಯ ಪಟ್ಟಿ ಅಚ್ಚೊತ್ತಿದ ಹಾಗೆ ಗುರುತು ಬೀಳುತ್ತದೆ, ಉಂಗುರ ತೆಗೆಯಲು ಆಗುತ್ತಿಲ್ಲ. ಬಾಯಿಯಲ್ಲಿ ಯಾವಾಗಲೂ ತಾಮ್ರದ ಚೊಂಬು ನೆಕ್ಕಿದ ರುಚಿ. ಹೇಳಲು ನಾಚಿಕೆ, ಮೂತ್ರದಲ್ಲಿ ಸೋಪಿನ ಹಾಗೆ ನೊರೆ. ಒಂಬತ್ತು ದಿನ ಗೊಂಬೆ ಕೂರಿಸಿ ನಿಂತದ್ದಕ್ಕೇ ಇರಬೇಕು, ಅಲ್ಲವೇ? ಅಲ್ಲ ಅಂತಾದರೆ ಫೋನಿನಲ್ಲಿ ಹೇಳಬೇಡ, ಬರೆ.

ಅಮ್ಮ


ಗುಲ್ಬರ್ಗಾ
12 ಅಕ್ಟೋಬರ್ 1998

ಅಮ್ಮ,

ಈ ಪತ್ರ ಓದಿದ ಕೂಡಲೇ ಆ ಡಬ್ಬಿ ಮುಚ್ಚು. ಮುಖ ತೊಳೆದುಕೋ. ಮುಂದಿನದನ್ನು ಆಮೇಲೆ ಓದು.

ನೀನು ಬರೆದ ಲಕ್ಷಣಗಳನ್ನೂ ಕ್ರೀಮಿನ ವಿಷಯವನ್ನೂ ಒಂದು ಹಾಳೆಯಲ್ಲಿ ಬರೆದು ನಮ್ಮ ಲ್ಯಾಬಿನ ಭೀಮಾಶಂಕರ ಸರ್ ಅವರಿಗೆ ತೋರಿಸಿದೆ, ನಿನ್ನ ಹೆಸರು ಹೇಳದೆ. ಅವರು ಓದಿ, ನನ್ನ ಮುಖ ನೋಡಿ, "ಆ ಕ್ರೀಮ್ ನೀನೂ ಹಚ್ಚತೀ ಏನವ್ವಾ?" ಅಂತ ಕೇಳಿದರು. ನಾನು ಹೂಂ ಅಂದೆ. "ತಗೊಂಬಾ" ಅಂದರು.

ಕಡಲೆಕಾಳಿನಷ್ಟು ಕ್ರೀಮನ್ನು ಗಾಜಿನ ನಳಿಕೆಗೆ ಹಾಕಿ, ಆಸಿಡ್ ಬೆರೆಸಿ, ಅದರಲ್ಲಿ ಒಂದು ತುಂಡು ತಾಮ್ರದ ತಂತಿ ಬಿಟ್ಟು ಕಾಯಿಸಿದರು. ಕೆಂಪಗಿದ್ದ ತಂತಿ ಬೂದಿಯ ಬಣ್ಣವಾಯಿತು. ಹೊರಗೆ ತೆಗೆದು ಹತ್ತಿಯಿಂದ ಒರೆಸಿದರೆ ಬೆಳ್ಳಿಯ ಹಾಗೆ ಹೊಳೆಯಿತು. ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅದು ಪಾದರಸ, ಅಮ್ಮ. ಥರ್ಮಾಮೀಟರಿನಲ್ಲಿ ಇರುವುದು. ನಿನ್ನ ಬಂಗನ್ನು ತೆಗೆದದ್ದು ಅದು. ಚರ್ಮದ ಮೂಲಕ ಒಳಗೆ ಇಳಿದು ಮೂತ್ರಪಿಂಡದಲ್ಲಿ ಕೂತಿದೆ. ಊದಿರುವುದು, ನೊರೆ ಬರುವುದು, ಎಲ್ಲ ಅದರಿಂದಲೇ. ನಿನ್ನ ಮುಖ ತುಂಬಿಕೊಂಡಿಲ್ಲ. ಅದರಲ್ಲಿ ನೀರು ತುಂಬಿದೆ.

ತಂತಿ ಹೊಳೆದಾಗ ನಾನು ಕೈಯಲ್ಲಿದ್ದ ನಳಿಕೆ ಬೀಳಿಸಿದೆ. ಸರ್ ಬೈಯಲಿಲ್ಲ. "ಅಕಿಗೆ ಇವತ್ತೇ ದವಾಖಾನಿಗೆ ಹೋಗಂತ ಹೇಳವ್ವ. ತಡ ಮಾಡಿದ್ರ ಕಿಡ್ನಿ ಉಳಿಯಂಗಿಲ್ಲ" ಅಂದರು.

ಅಪ್ಪನಿಗೆ ಹೇಳು. ನಾಳೆಯೇ ಆಸ್ಪತ್ರೆಗೆ ಹೋಗು.

ವಿದ್ಯಾ


ಬೆಂಗಳೂರು
25 ಅಕ್ಟೋಬರ್ 1998

ವಿದ್ಯಾ,

ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಚೆನ್ನಾಗಿದ್ದೇನೆ ಅಂದೆ. ಆಸ್ಪತ್ರೆಗೆ ಹೋಗಿಬಂದೆ ಅಂತಲೂ ಅಂದೆ. ಹೋಗಿಲ್ಲ. ನಿನ್ನ ಹತ್ತಿರ ಸುಳ್ಳು ಹೇಳಿದ್ದು ಇದೇ ಮೊದಲು.

ನಿನ್ನ ಪತ್ರ ಬಂದ ದಿನ ಹೆದರಿ ಡಬ್ಬಿಯನ್ನು ಅಕ್ಕಿ ಡಬ್ಬದ ತಳದಲ್ಲಿ ಹಾಕಿದೆ. ಐದು ದಿನ ಮುಟ್ಟಲಿಲ್ಲ. ಆರನೇ ದಿನ ಮೂಗಿನ ಎರಡೂ ಕಡೆ ಕಪ್ಪು ಕಾಣಿಸಿತು. ಏಳನೇ ದಿನ ಇನ್ನಷ್ಟು. ಹಿಂದೆಂದೂ ಇಷ್ಟು ಕಪ್ಪಗೆ ಇರಲಿಲ್ಲ. ನಿಮ್ಮಪ್ಪ ಊಟಕ್ಕೆ ಕೂತಾಗ ನಾನು ದೀಪದ ಕೆಳಗೆ ಬರಲಿಲ್ಲ. ಅಡುಗೆಮನೆಯಿಂದಲೇ ಕೈ ಚಾಚಿ ಬಡಿಸಿದೆ. ಎಂಟನೇ ದಿನ ಅಕ್ಕಿಯೊಳಗೆ ಕೈ ಹಾಕಿದೆ.

ನೀನು ಜುಲೈನಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ಕಂಡಕ್ಟರು "ನಿಮ್ ತಾಯೀನ ಕೂರ್ಸಿ" ಅಂದಾಗ ನಿಮ್ಮಪ್ಪ ಅವನಿಗೆ "ಥ್ಯಾಂಕ್ಸಪ್ಪಾ" ಅಂದರು. ನನ್ನ ತೋಳು ಹಿಡಿದು ಕೂರಿಸಿದರು. ನಿಜವಾಗಿ ತಾಯಿಯನ್ನು ಕೂರಿಸುವ ಹಾಗೆ, ಮೆಲ್ಲಗೆ.

ಇನ್ನು ಕೇಳಬೇಡ. ಊತ ಅಷ್ಟೇನೂ ಹೆಚ್ಚಾಗಿಲ್ಲ. ಅವರಿಗೆ ಹೇಳಬೇಡ, ವಿದ್ಯಾ, ನಿನ್ನ ಕಾಲಿಗೆ ಬೀಳುತ್ತೇನೆ ಅಂತ ತಾಯಿ ಬರೆಯಬಾರದು. ಬರೆದಿದ್ದೇನೆ.

ಅಮ್ಮ


ಗುಲ್ಬರ್ಗಾ
31 ಅಕ್ಟೋಬರ್ 1998

ಅಪ್ಪ,

ಇದನ್ನು ನಿಮ್ಮ ಆಫೀಸಿನ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ, ಮನೆಗೆ ಬಂದರೆ ಅಮ್ಮ ತೆಗೆದುಕೊಳ್ಳುತ್ತಾಳೆ. ನಿನ್ನೆ ಬೂತಿನಲ್ಲಿ ನಿಂತು ನಿಮ್ಮ ಆಫೀಸಿನ ನಂಬರ್ ಒತ್ತಿದೆ. ನೀವು "ಹಲೋ, ಅನಂತರಾಮು" ಅಂದಿರಿ. ನಾನು ಫೋನು ಇಟ್ಟುಬಿಟ್ಟೆ. ಅದು ನಾನೇ.

ಅಮ್ಮ ಮುಖಕ್ಕೆ ಹಚ್ಚುತ್ತಿರುವುದು ಕಡಲೆಹಿಟ್ಟಲ್ಲ. ಪಾದರಸ ಇರುವ ಕ್ರೀಮು. ಜುಲೈನಿಂದ ಹಚ್ಚುತ್ತಿದ್ದಾಳೆ. ಡಬ್ಬಿ ಅಕ್ಕಿಯಲ್ಲಿದೆ. ಅವಳ ಕಾಲು ನೋಡಿ, ಹೆಬ್ಬೆರಳಿನಿಂದ ಒತ್ತಿ ನೋಡಿ. ಆಸ್ಪತ್ರೆಯಲ್ಲಿ ಕ್ರೀಮಿನ ವಿಷಯ ಮುಚ್ಚಿಡಬೇಡಿ, ಅದೇ ಮುಖ್ಯ.

ಹೇಳಬೇಡ ಅಂತ ಅಮ್ಮ ಬೇಡಿಕೊಂಡಿದ್ದಳು. ಅವಳು ನನ್ನನ್ನು ಕ್ಷಮಿಸದಿದ್ದರೂ ಪರವಾಗಿಲ್ಲ. ಅವಳಿಗೆ ಬೈಯಬೇಡಿ, ಅಪ್ಪ. ಯಾಕೆ ಹಚ್ಚಿದೆ ಅಂತಲೂ ಕೇಳಬೇಡಿ. ನಿಮಗೆ ಗೊತ್ತಿರಬಹುದು.

ಶ್ರೀವಿದ್ಯಾ


ಬೆಂಗಳೂರು
12 ನವೆಂಬರ್ 1998

ಶ್ರೀವಿದ್ಯಾ,

ನಿನ್ನ ಪತ್ರ ಮಂಗಳವಾರ ಮಧ್ಯಾಹ್ನ ಕೈಸೇರಿತು. ಅರ್ಧ ದಿನ ರಜೆ ಬರೆದು ಮನೆಗೆ ಬಂದೆ. ನಿನ್ನ ತಾಯಿ ಬಾಗಿಲು ತೆರೆದು, "ಯಾಕ್ರೀ, ಹುಷಾರಿಲ್ವಾ?" ಅಂತ ನನ್ನನ್ನೇ ಕೇಳಿದಳು. ಕೂರಿಸಿ ಕಾಲು ಒತ್ತಿದೆ. ಹೆಬ್ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು, ಹಸಿ ಮಣ್ಣಿನಲ್ಲಿ ಉಳಿದ ಹಾಗೆ. ನಾವಿಬ್ಬರೂ ಅದನ್ನೇ ನೋಡುತ್ತ ಕೂತೆವು. ನಾನು ಎದ್ದು ಅಕ್ಕಿ ಡಬ್ಬ ಬಗ್ಗಿಸಿದೆ.

ಶಿವಾಜಿನಗರದ ದೊಡ್ಡಾಸ್ಪತ್ರೆಯಲ್ಲಿ ಒಂಬತ್ತು ದಿನವಾಯಿತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ತುಂಬ ಹೋಗುತ್ತಿದೆ. ನೋಡುತ್ತಿರುವ ಡಾಕ್ಟರಮ್ಮನಿಗೆ ನಿನಗಿಂತ ಐದಾರು ವರ್ಷ ಹೆಚ್ಚಿರಬಹುದು. "ಕ್ರೀಮ್ ನಿಲ್ಲಿಸಿದ ಮೇಲೆ ಸುಮಾರು ಜನಕ್ಕೆ ತಾನಾಗೇ ಸರಿಹೋಗುತ್ತೆ ಸಾರ್. ಎಲ್ರಿಗೂ ಅಲ್ಲ. ಕಾದು ನೋಡ್ಬೇಕು" ಅಂದರು. ಎಲ್ಲರಿಗೂ ಅಲ್ಲ ಅಂತ ಯಾಕೆ ಸೇರಿಸಿದರು ಅಂತ ಯೋಚಿಸುತ್ತಲೇ ಇದ್ದೇನೆ.

ನಿನ್ನ ಪತ್ರದ ಕೊನೆಯ ಸಾಲಿಗೆ ಉತ್ತರ ಕೊಡಬೇಕು. ನಿನ್ನ ತಾಯಿ ಬರೆದಿರಬೇಕು, ಬಸ್ಸಿನಲ್ಲಿ ಆ ಕಂಡಕ್ಟರಿಗೆ ನಾನು ಥ್ಯಾಂಕ್ಸ್ ಅಂದದ್ದು ನಿಜ. ಬಾಯಿತಪ್ಪಿ ಬಂತು ಅಂತ ಐದು ತಿಂಗಳು ನನಗೆ ನಾನೇ ಹೇಳಿಕೊಂಡೆ. ಬಾಯಿತಪ್ಪಿ ಅಲ್ಲ. ನನ್ನನ್ನು ಅವನು ಅಷ್ಟು ಚಿಕ್ಕವನು ಅಂದುಕೊಂಡನಲ್ಲ ಅಂತ ಒಳಗೊಳಗೇ ಹಿಗ್ಗಿದ್ದೆ. ಆ ಹಿಗ್ಗು ಒಂದು ಸ್ಟಾಪಿನಷ್ಟು ದೂರವೂ ಉಳಿಯಲಿಲ್ಲ. ಆದರೆ ಅವಳು ನೋಡಿದ್ದು ಅದನ್ನೇ. ಮತ್ತೆ ದಸರಾದಲ್ಲಿ ಮುಖ ತುಂಬಿಕೊಂಡಿದೆ ಅಂತ ಹೊಗಳಿದವನೂ ನಾನೇ. ಅವಳು ಸಾಯುತ್ತಿರುವುದನ್ನು ನೋಡಿ ಚೆನ್ನಾಗಿ ಕಾಣುತ್ತೀಯ ಅಂದೆ.

ಈಗ ಬಂಗು ವಾಪಸು ಬಂದಿದೆ. ನಾನು ವಾರ್ಡಿಗೆ ಹೋದರೆ ಸೆರಗು ಎಳೆದುಕೊಂಡು ಗೋಡೆ ಕಡೆ ತಿರುಗುತ್ತಾಳೆ. ಪಕ್ಕದ ಮಂಚದಲ್ಲಿರುವ ಮಜೀದಾ ಅನ್ನುವ ಮುದುಕಿಯ ಹತ್ತಿರ ಮಾತ್ರ ಮಾತಾಡುತ್ತಾಳೆ, ಆಕೆಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ನಾನು ಸ್ಟೂಲಿನ ಮೇಲೆ ಕೂತು ಅವಳ ಬೆನ್ನು ನೋಡುತ್ತೇನೆ. ಹೆದರಿಕೆಯಾಗುತ್ತದೆ, ಮಗೂ. ಮನೆಗೆ ಬಂದು ಬೀಗ ತೆಗೆಯಲು ಹೆದರಿಕೆ. ಇದನ್ನು ಆಫೀಸಿನಲ್ಲಿ ಯಾರ ಹತ್ತಿರ ಹೇಳಲಿ?

ಅಪ್ಪ


ಗುಲ್ಬರ್ಗಾ
18 ನವೆಂಬರ್ 1998

ಅಪ್ಪ,

ಇಪ್ಪತ್ತೆಂಟಕ್ಕೆ ಪರೀಕ್ಷೆ ಮುಗಿಯುತ್ತದೆ. ಅದೇ ದಿನ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುತ್ತೇನೆ. ನನ್ನ ಮೂತ್ರ ಪರೀಕ್ಷೆ ಸರಿಯಾಗಿದೆ, ಭೀಮಾಶಂಕರ ಸರ್ ತಾವೇ ನಿಂತು ಮಾಡಿಸಿದರು. ನನ್ನ ಕಲೆಗಳೂ ವಾಪಸು ಬರುತ್ತಿವೆ. ಇಷ್ಟೆಲ್ಲ ಗೊತ್ತಿದ್ದೂ ಬೆಳಿಗ್ಗೆ ಕನ್ನಡಿ ನೋಡಿ ಅಳು ಬಂತು. ಅಮ್ಮನಿಗೆ ಇದನ್ನು ಓದಿ ಹೇಳಿ. ಗೋಡೆ ಕಡೆ ತಿರುಗಿದ್ದರೂ ಓದಿ. ಕೇಳಿಸುತ್ತದೆ.

ಸ್ಟೂಲಿನಿಂದ ಏಳಬೇಡಿ.

ಶ್ರೀವಿದ್ಯಾ


ಬೆಂಗಳೂರು
21 ಫೆಬ್ರವರಿ 1999

ವಿದ್ಯಾ,

ಶುಕ್ರವಾರ ರಿಪೋರ್ಟು ಬಂತು. ಪ್ರೋಟೀನ್ ಈಗ ಲೇಶ ಮಾತ್ರ. ಡಾಕ್ಟರಮ್ಮ ಕಾಗದ ನೋಡಿ ಮೊದಲ ಸಲ ಕುರ್ಚಿಗೆ ಒರಗಿ ಕೂತರು. ನಿಮ್ಮಪ್ಪ ಹೊರಗೆ ಬಂದು ಗೋಡೆಗೆ ಕೈಯೂರಿ ನಿಂತುಬಿಟ್ಟರು. ಇಬ್ಬರೂ ಕಾಫಿ ಕುಡಿದೆವು. ಬಸ್ಸಿನ ಮಾತನ್ನು ಅವರು ಡಿಸೆಂಬರಿನಲ್ಲಿ ನಿನ್ನ ಎದುರೇ ಎತ್ತಿದರಲ್ಲ, ಅದಾದ ಮೇಲೆ ಮತ್ತೆ ಎತ್ತಿಲ್ಲ. ನಾನೂ ಎತ್ತಿಲ್ಲ. ಕೆಲವು ದಿನ ಅವರು ನನ್ನ ಮುಖವನ್ನು ನೋಡುವಾಗ ಎಚ್ಚರಿಕೆಯಿಂದ ನೋಡುತ್ತಾರೆ, ತಪ್ಪು ಮಾಡಿಬಿಡುವೆನೇನೋ ಅನ್ನುವ ಹಾಗೆ. ಅದಕ್ಕೆ ಪಾಪ ಅನ್ನಿಸುತ್ತದೆ.

ಮುಖ ಹೇಗಿದೆ ಅಂತ ನೀನು ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಮೊದಲಿಗಿಂತ ಕಪ್ಪು. ಈಗ ಹಣೆಗೂ ಬಂದಿದೆ.

ಇನ್ನೊಂದು ಭಯವಿತ್ತು. ಹಬ್ಬದ ದಿನ ನನ್ನ ಮುಖ ನೋಡಿ ಕಾಲೊನಿಯ ಎಷ್ಟು ಜನ ಪುಷ್ಪವಲ್ಲಿಯ ಹತ್ತಿರ ಹೋಗಿರಬಹುದು? ಪಾರ್ಲರಿಗೆ ಹೋಗಿ ಅವಳಿಗೆ ಆಸ್ಪತ್ರೆಯ ನನ್ನ ಹಳೆಯ ರಿಪೋರ್ಟು ತೋರಿಸಿದೆ. "ನಾನೂ ಅದನ್ನೇ ಹಚ್ತೀನಿ ಅಕ್ಕಾ, ನನಗೇನೂ ಆಗಿಲ್ವಲ್ಲ" ಅಂದಳು. ಅವಳ ಕಣ್ಣಿನ ರೆಪ್ಪೆ ನೋಡಿದೆ. ಊದಿತ್ತು. ಹೇಳಿದೆ. ಅವಳು ಕನ್ನಡಿಯ ಕಡೆ ತಿರುಗಿ ಬಾಚಣಿಗೆಗಳನ್ನು ಜೋಡಿಸುತ್ತ ನಿಂತಳು.

ಮೊನ್ನೆ ಗುರುವಾರ ಕೆಳಗಿನ ಮನೆಯಲ್ಲಿ ಭಜನೆಗೆ ಎಲ್ಲ ಸೇರಿದ್ದರು. ಭಜನೆ ಮುಗಿದ ಮೇಲೆ ಎದ್ದು ನಿಂತು ಎಲ್ಲ ಹೇಳಿದೆ. ಸೆರಗು ಮುಖಕ್ಕೆ ಎಳೆದುಕೊಳ್ಳಲಿಲ್ಲ. ಮೂವರು ಹೆಂಗಸರು ನೆಲ ನೋಡಿದರು, ಅವರೂ ಹಚ್ಚುತ್ತಿದ್ದಾರೆ ಅಂತ ಅದರಿಂದ ಗೊತ್ತಾಯಿತು.

ವಾಪಸು ಮೆಟ್ಟಿಲು ಹತ್ತುವಾಗ ಯಾರೋ ಹಿಂದೆ ಬಂದರು. ರಾಜೇಶ್ವರಿ. ಗರುಡಾಚಾರ್‌ಪಾಳ್ಯದಿಂದ ವಾರಕ್ಕೊಮ್ಮೆ ಜೋಳದ ರೊಟ್ಟಿ ತರುತ್ತಾಳಲ್ಲ, ನಿಮ್ಮ ಗುಲ್ಬರ್ಗದ ಕಡೆಯವಳು. ಅವಳಿಗೂ ಕೆನ್ನೆ ತುಂಬ ಬಂಗು, ನಲವತ್ತು ದಾಟಿದವಳು ಅಂದುಕೊಂಡಿದ್ದೆ. ಇಪ್ಪತ್ತಾರಂತೆ. ನಾನೂ ಅಂದುಕೊಂಡಿದ್ದೆ, ನೋಡು. "ಅಮ್ಮಾರ, ನನ್ನ ಗಂಡಗ ಬುತ್ತಿ ಒಯ್ದ್ರ ಫ್ಯಾಕ್ಟರಿ ಗೇಟಿನ ಮುಂದ ನಿಂದರಬ್ಯಾಡ ಅಂತಾನ್ರೀ" ಅಂದಳು. ಸ್ವಲ್ಪ ಹೊತ್ತು ಬುಟ್ಟಿಯ ಬಟ್ಟೆ ಸರಿಮಾಡಿದಳು. ಆಮೇಲೆ ಕೇಳಿದಳು. "ನಿಮಗ ಎಷ್ಟ್ ದಿನಕ್ಕ ಮಾರಿ ಒಂದ ಬಣ್ಣ ಆತ್ರೀ?"

ಭಜನೆ ಮನೆಯ ಬಾಗಿಲಲ್ಲಿ ನಿಂತು ಅರ್ಧ ಗಂಟೆ ನನ್ನ ಮಾತು ಕೇಳಿದವಳು. ಅಷ್ಟೂ ಕೇಳಿ ಅವಳು ಕೇಳಿದ್ದು ಇದು. ನಾನು ಯೋಚನೆ ಕೂಡ ಮಾಡಲಿಲ್ಲ, "ಇಪ್ಪತ್ತೆರಡು ದಿನ" ಅಂದುಬಿಟ್ಟೆ. ಹಾಗನ್ನುವಾಗ ನನ್ನ ದನಿಯಲ್ಲಿ ಹೆಮ್ಮೆ ಇದ್ದದ್ದು ನನಗೇ ಕೇಳಿಸಿತು. ಅವಳು ಇಳಿದು ಹೋದಳು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅಮ್ಮ


ಬೆಂಗಳೂರು
10 ಮಾರ್ಚ್ 1999

ವಿದ್ಯಾ,

ರಾಜೇಶ್ವರಿ ಎರಡು ವಾರ ರೊಟ್ಟಿ ತರಲಿಲ್ಲ. ನಾನೇ ಗರುಡಾಚಾರ್‌ಪಾಳ್ಯಕ್ಕೆ ಹೋಗಿ ಅವಳ ಕೋಣೆ ಹುಡುಕಿದೆ. ಸಾಲು ಮನೆಗಳಲ್ಲಿ ಕೊನೆಯದು. ಒಲೆಯ ಮುಂದೆ ಕೂತಿದ್ದಳು, ಮುಖಕ್ಕೆ ಸೆರಗು ಸುತ್ತಿಕೊಂಡು. "ಮಂಗಳವಾರ ಆಸ್ಪತ್ರೇಲಿ ಚರ್ಮದ ಡಾಕ್ಟ್ರು ಇರ್ತಾರೆ, ದುಡ್ಡು ಬೇಡ. ನಾನು ಜೊತೆಗೆ ಬರ್ತೀನಿ" ಅಂದೆ. ಅವಳು ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. "ನೀವು ಹೋಗ್ರಿ, ರೊಟ್ಟಿ ಹೊತ್ತುತೈತಿ" ಅಂದಳು.

ನಿನ್ನೆ ಎಂಟು ಗಂಟೆಗೆ ಹಲಸೂರು ಸ್ಟಾಪಿನಲ್ಲಿ ನಿಂತಿದ್ದೆ. ಮೂರು ಬಸ್ಸು ಬಿಟ್ಟೆ. ನಾಲ್ಕನೆಯದರಿಂದ ಇಳಿದಳು. ಸೊಂಟದಿಂದ ಸಣ್ಣ ಬಿಳಿ ಡಬ್ಬಿ ತೆಗೆದು ನನ್ನ ಕೈಗೆ ಇಟ್ಟಳು. "ಇದನ್ನ ನೀವ ಇಟ್ಟಕೋರಿ. ನನ್ನ ಹತ್ರ ಇದ್ರ ಹಚ್ಚಿಕೊಂಬಿಡ್ತೀನಿ" ಅಂದಳು. ಎಷ್ಟು ದಿನದಿಂದ ಅಂದರೆ ಒಂಬತ್ತು ದಿನ ಅಂದಳು. ಬೆರಳಿನಲ್ಲಿ ಎಣಿಸಿ ಹೇಳಿದಳು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಳು. ಡಬ್ಬಿ ನನ್ನ ಮುಷ್ಟಿಯಲ್ಲಿತ್ತು. ಮುಚ್ಚಳ ಸಡಿಲವಾಗಿತ್ತು, ಆ ವಾಸನೆ ನಿನಗೆ ಗೊತ್ತಲ್ಲ. ಅವಳು ಹೊರಗೆ ನೋಡುತ್ತಿದ್ದಳು. ಎದುರಿನ ಗಾಜಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಇಷ್ಟು ಸ್ವಲ್ಪ, ಹಣೆಗೆ ಮಾತ್ರ, ಯಾರಿಗೂ ತಿಳಿಯುವುದಿಲ್ಲ, ಅಂತ ಯಾರೋ ಅಂದ ಹಾಗಾಯಿತು. ಯಾರೂ ಅಲ್ಲ, ನಾನೇ. ನನ್ನ ಕೈ ಬೆವೆತು ಡಬ್ಬಿ ಜಾರತೊಡಗಿತು. ಪಕ್ಕದಲ್ಲಿರುವವಳಿಗೆ ಬುದ್ಧಿ ಹೇಳಲು ಕರೆದುಕೊಂಡು ಹೋಗುತ್ತಿದ್ದವಳು ನಾನು.

"ರಾಜೇಶ್ವರಿ," ಅಂದೆ, "ನೀನೂ ಒಂದು ಕೈ ಹಿಡ್ಕೊಳ್ಳಮ್ಮ. ನನಗೂ ಭಯ ಆಗ್ತಿದೆ."

ಅವಳು ತಿರುಗಿ ನೋಡಿದಳು. ನನ್ನ ಮುಷ್ಟಿಯ ಮೇಲೆ ತನ್ನ ಕೈ ಇಟ್ಟು ಗಟ್ಟಿಯಾಗಿ ಹಿಡಿದಳು. ರೊಟ್ಟಿ ಬಡಿದು ಬಡಿದು ಒರಟಾದ ಕೈ. ಆಸ್ಪತ್ರೆಯ ಸ್ಟಾಪು ಬರುವ ತನಕ ಇಬ್ಬರೂ ಹಾಗೇ ಕೂತಿದ್ದೆವು.

ಅಮ್ಮ